ಏಳನೇ ಫಾರಂನ ದುರ್ಗವ್ವ

ಪೀಣ್ಯ ಎರಡನೇ ಹಂತದ ಆ ಬೈಂಡಿಂಗ್ ಕಾರ್ಖಾನೆಯಲ್ಲಿ ಇಂಗ್ಲಿಷ್–ಕನ್ನಡ ನಿಘಂಟಿನ ಮೂರು ಲಕ್ಷ ಪ್ರತಿ ತಯಾರಾಗುತ್ತಿತ್ತು. ಅದರಲ್ಲಿ ಒಂದನ್ನಾದರೂ ಆಫೀಸಿನವರು ಬಿಡಿಸಿ ನೋಡಿದ್ದಿಲ್ಲ. ಇಂಗ್ಲಿಷ್ ಬರುತ್ತದೆಂದು ಸಂಬಳ ತಗೊಳ್ಳುವವರಿಗೆ ನಿಘಂಟು ಯಾತಕ್ಕೆ?

ದುರ್ಗವ್ವ ಸುರಪುರದ ಕಡೆಯವಳು. ಐದನೇ ಇಯತ್ತೆ ಓದಿ, ಗಂಡ ಮುದಕಪ್ಪನ ಜೊತೆ ಪೀಣ್ಯಕ್ಕೆ ಬಂದವಳು. ಹದಿನಾರು ಪುಟದ ಒಂದೊಂದು ಮಡಿಕೆಗೂ ಕಾರ್ಖಾನೆಯಲ್ಲಿ ಫಾರಂ ಎನ್ನುತ್ತಾರೆ. ಒಬ್ಬೊಬ್ಬ ಹೆಂಗಸಿಗೆ ಒಂದೋ ಎರಡೋ ಫಾರಂ ಮಡಿಸುವ ಕೆಲಸ. ದುರ್ಗವ್ವನ ಪಾಲಿಗೆ ಬಂದದ್ದು ಏಳನೆಯದು. ಮಡಿಕೆ ನೆಟ್ಟಗಿದೆಯೋ ಸೊಟ್ಟಗಿದೆಯೋ ತಿಳಿಯಲು ಪ್ರತಿ ಸಲ ತೊಂಬತ್ತೇಳನೇ ಪುಟ ನೋಡಲೇಬೇಕು. ಎಂಟು ತಿಂಗಳು ದಿನಾ ಸಾವಿರ ಸಲ ನೋಡಿದ್ದಾಯಿತು. ಬೌಂಡ್, ಬೌಂಡರಿ, ಬೌಂಡ್‌ಲೆಸ್, ಬೌಂಟಿಫುಲ್, ಬೌಂಟಿ. ಪಕ್ಕದಲ್ಲೇ ಕನ್ನಡದಲ್ಲಿ ಉಚ್ಚಾರ, ಅರ್ಥ. ಇಂಗ್ಲಿಷಿನ ಬೇರೆ ಯಾವ ಪದವೂ ಬಾರದಿದ್ದರೂ ಈ ಐದು ಪದಗಳ ಮುಖ ಅವಳಿಗೆ ಅತ್ತೆಯ ಮುಖದಷ್ಟೇ ಗುರುತು.

ಮನೆಯಲ್ಲಿ ಒಮ್ಮೆ ಮುದಕಪ್ಪ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತ "ಬೌಂಡರಿ!" ಎಂದು ಕೂಗಿದಾಗ, "ಅಂದ್ರ ಎಲ್ಲೆ, ಮೇರೆ, ಗಡಿ" ಎಂದಳು. "ಹೋಗಲೇ, ಬೌಂಡರಿ ಅಂದ್ರ ನಾಕು ರನ್ನು" ಎಂದ ಮುದಕಪ್ಪ. ಹೆಂಗಸರ ಮಾತು ತಳ್ಳಿಹಾಕುವುದರಲ್ಲಿ ಅವನಿಗೂ ಸೂಪರ್‌ವೈಸರ್ ಆಗುವ ಅರ್ಹತೆಯಿತ್ತು.

ಸೂಪರ್‌ವೈಸರ್ ಮುನಿಕೃಷ್ಣ ಸ್ಥಳೀಯ. ತಾತನ ರಾಗಿ ಹೊಲದಲ್ಲಿ ಈಗ ಮೂವತ್ತು ಬಾಡಿಗೆ ಕೋಣೆ ಎದ್ದಿದ್ದವು. ಎದೆ ಜೇಬಿನಲ್ಲಿ ಎರಡು ಪೆನ್ನು, ಬಾಯಿಯಲ್ಲಿ ಸದಾ ಒಂದು 'ಆಕ್ಚುಲಿ'. ಒಂದು ಶನಿವಾರ ಅವನು ನಾಲ್ಕು ಪುಟದ ಇಂಗ್ಲಿಷ್ ಕಾಗದದ ಕಂತೆ ತಂದು, ಊಟದೊಳಗೆ ಎಲ್ಲರೂ ಸೈನ್ ಹಾಕಬೇಕೆಂದ.

ಹೆಂಗಸರು ಪೆನ್ನಿಗೆ ಸಾಲು ನಿಂತರು. ದುರ್ಗವ್ವ ಕಾಗದವನ್ನು ಫಾರಂ ಹಿಡಿದಂತೆಯೇ ಹಿಡಿದು ಮೇಲಿಂದ ಕೆಳಗೆ ಕಣ್ಣಾಡಿಸಿದಳು. ಎರಡನೇ ಪುಟದಲ್ಲಿ ಪರಿಚಯದ ಮುಖ ಕಂಡಿತು. ಮೂರರಲ್ಲಿ ಇನ್ನೆರಡು ಸಲ.

"ಸಾರ್, ಇಲ್ಲಿ ಬೌಂಡ್ ಅಂತ ಬರದದ. ಹಂಗಂದ್ರ ಏನ್ರೀ?"

ಮುನಿಕೃಷ್ಣ ಒಂದು ಕ್ಷಣ ಪೆನ್ನು ಮುಟ್ಟಿಕೊಂಡ. "ಬೌಂಡ್ ಅಂದ್ರೆ... ಆಕ್ಚುಲಿ ಬೌಂಟಿ ಇದ್ದಂಗೆ ಕಣಮ್ಮ. ಕಂಪ್ನಿಯೋರು ಎಲ್ಲಾ ಜಾಸ್ತಿ ಜಾಸ್ತಿ ಕೊಡ್ತಾರೆ ಅಂತ. ಅಬ್ಬಕ್ಕೆ ಸೀರೆ ಬಂದ್ರೂ ಬರ್ಬೋದು. ಸುಮ್ನೆ ಸೈನ್ ಆಕು."

"ಬೌಂಟಿ ಬ್ಯಾರೆ ಅದರೀ ಸಾರ್. ಅದರ ಕಡೀ ಅಕ್ಷರಕ್ಕ ಕೆಳಗ ಬಾಲ ಇರ್ತದ. ಇದಕ್ಕ ಬಾಲ ಇಲ್ಲ."

"ಓಹೋ, ನೀನೇನು ಎಂ.ಎ. ಮಾಡಿದೀಯಾ?"

"ಇಲ್ರೀ. ಏಳನೇ ಫಾರಂ ಮಾಡೀನಿ."

ಯಾರೋ ಕಿಸಕ್ಕೆಂದರು. ದುರ್ಗವ್ವನಿಗೆ ಮಾತ್ರ ನಗು ಬರಲಿಲ್ಲ. ಹೋಗಿ ತನ್ನ ಮೇಜಿನಿಂದ ಒಂದು ಫಾರಂ ತಂದು ಗಟ್ಟಿಯಾಗಿ ಓದಿದಳು: "ಬೌಂಡ್. ಕಟ್ಟಲ್ಪಟ್ಟ, ಬಂಧಿತ, ಕರಾರಿಗೆ ಒಳಪಟ್ಟ."

ಸಾಲು ಕರಗಿತು. ಪೆನ್ನು ಹಿಡಿದಿದ್ದವಳು ಅದನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು. ಗದ್ದಲ ಕೇಳಿ ಎಚ್.ಆರ್. ಅಂಜನ್ ಇಳಿದು ಬಂದ.

"ಅದು ಲೀಗಲ್ ಭಾಷೆ ಅಕ್ಕ. ಎರಡು ವರ್ಷ ಕೆಲಸ ಬಿಡೋ ಹಾಗಿಲ್ಲ, ನಿಮ್ಮ ಒರಿಜಿನಲ್ ಆಧಾರ್ ನಮ್ಮ ಹತ್ರ ಸೇಫ್ ಆಗಿರತ್ತೆ. ಅಷ್ಟೇ. ಜಸ್ಟ್ ಫಾರ್ಮಾಲಿಟಿ."

"ಅಷ್ಟೇ ಅಂದ್ರ, ತಗದ್ಬಿಡ್ರಲ್ಲ ಸಾರ್."

ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಹದಿನೇಳು ವರ್ಷ ಕಲಿತ ಅಂಜನ್ ಕಾಗದದ ಕಂತೆ ಎತ್ತಿಕೊಂಡು ಮೇಲಿನ ಆಫೀಸಿಗೆ ಹೋದ.

ವಾರದ ನಂತರ ಹೊಸ ಕಾಗದ ಬಂತು. ಅದರಲ್ಲಿ 'ಬೌಂಡ್' ಇರಲಿಲ್ಲ. ಮುನಿಕೃಷ್ಣ ಧಾರಾಳವಾಗಿ ನಗುತ್ತ ಹಂಚಿದ. ದುರ್ಗವ್ವ ನಾಲ್ಕೂ ಪುಟ ನೋಡಿ ಏನೂ ಸಿಗದೆ ಸೋತಳು. ಅಷ್ಟರಲ್ಲಿ ಕೊನೆಯ ಮೇಜಿನ ಭುವನೇಶ್ವರಿ, "ಏ ಅಕ್ಕಾ, ಈ ಪದ ನಂದು! ಮೂವತ್ತಾರನೇ ಫಾರಂ, ಬಲಗಡಿ ಮ್ಯಾಲಿಂದ ಮೂರನೇದು" ಎಂದಳು. ಬಿಡಿಸಿದರು. 'ಆಬ್ಲೈಜ್ಡ್' ಎಂಬುದರ ಮುಂದೆ 'ಕಟ್ಟುಬಿದ್ದ, ಬದ್ಧನಾದ' ಎಂದಿತ್ತು. ಇಪ್ಪತ್ತೆಂಟು ಹೆಂಗಸರು ಸೇರಿದರೆ ಇಡೀ ನಿಘಂಟಾಗುತ್ತದೆ ಎಂಬುದು ಆಫೀಸಿಗೆ ಆಗ ಹೊಳೆಯಿತು. ಇನ್ನು ಯಾವ ಪದ ಹುಡುಕಿದರೂ ಅದು ಯಾವಳೋ ಒಬ್ಬಳ ಕೈಯಲ್ಲಿ ಮಡಿಸಿಕೊಂಡದ್ದೇ.

ಮೂರನೇ ಕಾಗದ ಕನ್ನಡದಲ್ಲಿ ಬಂತು, ಒಂದೇ ಪುಟ. ಎರಡು ವರ್ಷವೂ ಇಲ್ಲ, ಆಧಾರ್ ಮಾತೂ ಇಲ್ಲ. ಎಲ್ಲರೂ ಸೈನ್ ಹಾಕಿದರು. ಮರುದಿನವೇ ಮಡಿಸುವ ಮೇಜಿನ ಮೇಲ್ಗಡೆ ಬೋರ್ಡು ತೂಗಿತು: 'ಕೆಲಸದ ವೇಳೆಯಲ್ಲಿ ಓದುವುದನ್ನು ನಿಷೇದಿಸಲಾಗಿದೆ.' ಕಾಗುಣಿತ ತಿದ್ದುವವರು ಆಫೀಸಿನಲ್ಲಿ ಸಿಗಲಿಲ್ಲವೆಂದು ಕಾಣುತ್ತದೆ.

ದುರ್ಗವ್ವನನ್ನು ಅಂಟು ಬಳಿಯುವ ಮೇಜಿಗೆ ಹಾಕಿದರು. ಬಿಸಿ ಅಂಟಿನ ವಾಸನೆಗೆ ದಿನವಿಡೀ ತಲೆ ಸಿಡಿಯುತ್ತಿತ್ತು. "ನಿನ್ನ ಬಾಯಿಗೆ ಹಚ್ಚಬೇಕಿತ್ತು ಆ ಅಂಟು" ಎಂದು ಮುದಕಪ್ಪ ಬೈದ, ಆಮೇಲೆ ತಾನೇ ಚಹಾ ಕಾಸಿಕೊಟ್ಟ. ನಾಲ್ಕು ತಿಂಗಳು ತಡೆದು, ಒಂದು ಸೋಮವಾರ ಅವಳು ಬಿಡುವುದಾಗಿ ಹೇಳಿದಳು. ತಡೆಯಲು ಆಫೀಸಿನ ಕೈಯಲ್ಲಿ ಏನೂ ಇರಲಿಲ್ಲ.

ಈಗ ರಾಜಗೋಪಾಲನಗರದ ಇನ್ನೊಂದು ಪ್ರೆಸ್ಸಿನಲ್ಲಿ ಅವಳಿಗೆ ಪುಟ ಪರೀಕ್ಷಿಸುವ ಕೆಲಸ. ಅಲ್ಲಿ ಅಚ್ಚಾಗುವುದು ಮದುವೆ ಪತ್ರಿಕೆ, ಪಂಚಾಂಗ. ಮೊದಲ ವಾರವೇ ಒಂದು ಮುಹೂರ್ತದ ತಾರೀಖು ತಪ್ಪಿದ್ದನ್ನು ಹಿಡಿದಳಂತೆ.