ರಫುಗಾರರ ಕೆಳರೆಪ್ಪೆ

ನಾನು ಮೇಷ್ಟ್ರಾಗಿದ್ದ ಶಾಲೆಯ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯ ಅಂಗಡಿಗೂ ಹಾಲಿನ ಡೈರಿಗೂ ನಡುವೆ, ನಾಲ್ಕು ಹೆಜ್ಜೆ ಅಗಲದ ಒಂದು ಕೋಣೆಯಿತ್ತು. ಅಲ್ಲಿ ರಫುಗಾರರೊಬ್ಬರು ತಮ್ಮ ಅಕ್ಕನೊಡನೆ ಕುಳಿತು ಕೆಲಸ ಮಾಡುತ್ತಿದ್ದರು. ಗುಂಡಿ, ಕಾಜ ಅಕ್ಕನ ಪಾಲು. ತೂತು ಮುಚ್ಚುವುದು ತಮ್ಮನ ಪಾಲು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆಗಳನ್ನು ಬಿಡಿಸಿ, ತೂತಿನ ಅಡ್ಡಕ್ಕೂ ಉದ್ದಕ್ಕೂ ಒಂದೊಂದಾಗಿ ನೇಯ್ದು ಕೂಡಿಸುವರು. ಮುಗಿದ ಮೇಲೆ ಬಟ್ಟೆಯನ್ನು ಕೈಗೆ ಕೊಟ್ಟು, "ಹುಡುಕಿ ನೋಡಿ" ಎನ್ನುವರು. ಯಾರಾದರೂ ಜಾಗಕ್ಕೆ ಸರಿಯಾಗಿ ಬೆರಳಿಟ್ಟರೆ, ಮರುಮಾತಿಲ್ಲದೆ ಬಿಚ್ಚಿ ಮತ್ತೆ ಹಾಕುವರು. ನನ್ನ ಉಣ್ಣೆಯ ಕೋಟಿಗೆ ಹುಳು ಹೊಡೆದಾಗ ನಾನೂ ಕನ್ನಡಕ ಹಾಕಿ, ತೆಗೆದು, ಬಾಗಿಲ ಬೆಳಕಿಗೆ ಹಿಡಿದು ಹುಡುಕಿದ್ದೆ, ಸಿಕ್ಕಿರಲಿಲ್ಲ.

ಅವರ ಬಲಗಣ್ಣಿನ ಕೆಳರೆಪ್ಪೆಯ ಅಂಚಿನಲ್ಲಿ ಒಂದು ಸಣ್ಣ ಗುಳ್ಳೆ ಎದ್ದಿತ್ತು. ಒಡೆಯುವುದು, ಒಣಗುವುದು, ಮತ್ತೆ ಒಡೆಯುವುದು. ಕನ್ನಡಕದ ಕಟ್ಟು ಉಜ್ಜಿ ಹೀಗಾಗಿದೆಯೆಂದು ಎರಡು ವರ್ಷದಲ್ಲಿ ಮೂರು ಕಟ್ಟು ಬದಲಾಯಿಸಿದರು. ಮೂರನೆಯದು ದಪ್ಪ, ಕಪ್ಪು. ಗುಳ್ಳೆ ಅದರ ಹಿಂದೆ ಪೂರ್ತಿ ಮರೆಯಾಯಿತು. ಕಾಣದಂತೆ ಮಾಡಿದರೆ ಸರಿಹೋಯಿತೆಂದು ತಿಳಿಯುವುದು ಅವರ ಕಸುಬು ಕಲಿಸಿದ ಅಭ್ಯಾಸ.

ಒಂದು ದಿನ ಮುಖ ತೊಳೆಯಲು ಕನ್ನಡಕ ತೆಗೆದಿಟ್ಟಾಗ ಅಕ್ಕನ ಕಣ್ಣಿಗೆ ಬಿತ್ತು.

"ಲೋ, ಅಲ್ಲಿ ರೆಪ್ಪೆಕೂದಲೇ ಇಲ್ಲವಲ್ಲೋ."

"ವಯಸ್ಸಾಯ್ತಲ್ಲಕ್ಕಾ, ಉದುರುತ್ತೆ."

"ವಯಸ್ಸು ಒಂದೇ ಕಣ್ಣಿಗೆ ಆಗುತ್ತೇನೋ? ನಡಿ ಆಸ್ಪತ್ರೆಗೆ."

ಆಸ್ಪತ್ರೆಯಲ್ಲಿ ಒಂದು ಚೂರು ತೆಗೆದು ಪರೀಕ್ಷಿಸಿದರು. ಚರ್ಮದ ಕ್ಯಾನ್ಸರ್. ನಿಧಾನವಾಗಿ ಬೆಳೆಯುವಂಥದು, ಆದರೆ ಬಿಟ್ಟರೆ ಕಣ್ಣಿನ ಕಡೆಗೇ ಕೊರೆಯುತ್ತ ಹೋಗುವಂಥದು.

"ಕೆಳರೆಪ್ಪೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತೆ," ಎಂದರು ಡಾಕ್ಟರಮ್ಮ. "ಸುತ್ತಲಿನ ಅಂಚಲ್ಲಿ ರೋಗ ಉಳಿದಿಲ್ಲ ಅಂತ ಖಾತ್ರಿ ಆದ್ಮೇಲೆ ಹೊಸ ರೆಪ್ಪೆ ಕಟ್ತೀವಿ."

"ಯಾವುದರಿಂದ?"

"ಒಳಪದರಕ್ಕೆ ನಿಮ್ಮ ಮೇಲಿನ ರೆಪ್ಪೆಯ ಒಳಭಾಗ. ಹೊರಗಿನ ಚರ್ಮಕ್ಕೆ ಕಿವಿ ಹಿಂದಿನದು."

ರಫುಗಾರರು ಅಲ್ಲಿಯವರೆಗೆ ನೆಲ ನೋಡುತ್ತಿದ್ದವರು ತಲೆಯೆತ್ತಿದರು. "ನಾನೂ ಒಳಮಡಿಕೆಯಿಂದಲೇ ತೆಗೆಯೋದು," ಎಂದರು. ಸ್ವಲ್ಪ ತಡೆದು, "ಆಮೇಲೆ ಎಳೆ ಕಾಣುತ್ತಾ ತಾಯಿ? ಅಷ್ಟು ಹೇಳಿಬಿಡಿ."

"ದೃಷ್ಟಿಗೆ ತೊಂದರೆ ಆಗಬಾರದು. ಆದರೆ ಮೇಲಿನ ರೆಪ್ಪೆ ಕೆಳಗಿನದಕ್ಕೆ ಅಂಟಿಕೊಂಡೇ ಆರು ವಾರ ಇರಬೇಕು, ಕಣ್ಣು ಮುಚ್ಚಿರುತ್ತೆ. ಬಿಡಿಸಿದಾಗ ನೋಡೋಣ."

ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು. ಎರಡು ವಾರ ಕಳೆದ ಮೇಲೆ ಅವರು ಅಂಗಡಿಗೆ ಬಂದು, ಹಳೆಯ ಕರವಸ್ತ್ರದಲ್ಲಿ ತೂತು ಮಾಡಿ, ಒಂಟಿಕಣ್ಣಿನಿಂದ ಪ್ರಯತ್ನಿಸಿದರು. ಎಳೆ ಕಾಣುತ್ತಿತ್ತು, ದೂರ ಹತ್ತಿರ ತಿಳಿಯದೆ ಸೂಜಿ ಅದರ ಪಕ್ಕಕ್ಕೆ ಹೋಗುತ್ತಿತ್ತು. ಒಂದು ಗಂಟೆಯಲ್ಲಿ ಆರು ಎಳೆ. ಅಕ್ಕ ಸೂಜಿ ಕಿತ್ತುಕೊಂಡು ಗುಂಡಿಯ ಡಬ್ಬಿ ಮುಂದಿಟ್ಟರು.

"ಇದನ್ನ ಹೊಲಿ. ನಾಲ್ಕೇ ತೂತು, ದೊಡ್ಡದಾಗೇ ಇವೆ."

ಅವರು ಹೊಲಿದ ಮೊದಲ ಗುಂಡಿ ಅಂಗಿಯ ಎದೆಯನ್ನೂ ಬೆನ್ನನ್ನೂ ಸೇರಿಸಿ ಕೂತಿತ್ತು.

"ಯಾರೂ ಹಾಕ್ಕೊಳ್ಳದ ಹಾಗೆ ಭದ್ರ ಮಾಡಿದ್ದೀಯ," ಎಂದರು ಅಕ್ಕ. ರಫುಗಾರರು ನಗಲಿಲ್ಲ. ಕಣ್ಣು ಬಿಡಿಸುವವರೆಗೂ ಆ ಕರವಸ್ತ್ರವನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಆರನೆಯ ವಾರ ಡಾಕ್ಟರಮ್ಮ ರೆಪ್ಪೆಗಳನ್ನು ಬಿಡಿಸಿದರು. ನೀರು ಸುರಿಯಿತು, ಬೆಳಕು ಚುಚ್ಚಿತು. ಮರುವಾರ ರಫುಗಾರರು ಕನ್ನಡಿ ಕೇಳಿದರು. ಹೊಸ ರೆಪ್ಪೆ ತುಸು ದಪ್ಪ, ಕೂದಲಿಲ್ಲ, ಕಿವಿಯ ಹಿಂದಿನ ಚರ್ಮದ ಬಣ್ಣವೇ ಬೇರೆ.

"ಜಾಗ ಗೊತ್ತಾಗುತ್ತೆ ತಾಯಿ. ಬಿಚ್ಚಿ ಮತ್ತೆ ಹಾಕೋಕಾಗಲ್ವಾ?"

"ಇದು ಬಟ್ಟೆ ಅಲ್ಲಪ್ಪ. ಬಣ್ಣ ಬರ್ತಾ ಬರ್ತಾ ಕೂಡಿಕೊಳ್ಳುತ್ತೆ. ಕೂದಲು ಬರೋದಿಲ್ಲ."

ಅವರು ಕನ್ನಡಿ ಕೆಳಗಿಟ್ಟರು. ಜೇಬಿನಿಂದ ಕರವಸ್ತ್ರ ತೆಗೆದು, ಕಣ್ಣಿನ ಹತ್ತಿರ ಹಿಡಿದು, ಎಳೆ ಎಣಿಸತೊಡಗಿದರು. ಡಾಕ್ಟರಮ್ಮ ಕಾದರು.

ಅದಾದ ಮೇಲೆ ಅವರು ಮುಟ್ಟಿದ ಮೊದಲ ಕೆಲಸ ನನ್ನದೇ ಕೋಟು; ಈ ಸಲ ತೋಳು ಹರಿದಿತ್ತು. ಮೊದಲಾದರೆ ಮೂರು ದಿನದ ಕೆಲಸ, ಈಗ ಒಂಬತ್ತು ದಿನ ಹಿಡಿಯಿತು. ಹೋದಾಗ ತೆಳುವಾದ ಕಟ್ಟಿನ ಕನ್ನಡಕ ಹಾಕಿ ಕುಳಿತಿದ್ದರು.

"ಹುಡುಕಿ ನೋಡಿ ಮೇಷ್ಟ್ರೇ."

ತೋಳು ನನ್ನ ಕೈಯಲ್ಲಿತ್ತು. ದೃಷ್ಟಿ ಮಾತ್ರ ಅವರ ರೆಪ್ಪೆಯ ಮೇಲಿತ್ತು.

"ಅಲ್ಲಲ್ಲ," ಎಂದರು. "ಅದು ಡಾಕ್ಟರಮ್ಮನ ಕೆಲಸ. ನನ್ನದು ತೋಳಲ್ಲಿದೆ."

ಬಾಗಿಲಿಗೆ ಬಂದು, ಬೆಳಕಿಗೆ ತಿರುಗಿಸಿ ತಿರುಗಿಸಿ ಬಹಳ ಹೊತ್ತು ಹುಡುಕಿದೆ. ಸಿಗಲಿಲ್ಲ. ಅವರು ನೀರು ಸೋರುವ ಕಣ್ಣನ್ನು ಅದೇ ಕರವಸ್ತ್ರದಿಂದ ಒರೆಸಿಕೊಂಡು, ಮುಂದಿನ ಬಟ್ಟೆಯನ್ನು ಎಳೆದುಕೊಂಡರು.