ಎರಡು ಸಲ ಬ್ಯಾಡ ಅಂದ ನೌಕರಿ

ನನಗೊಂದು ಕೆಟ್ಟ ಚಟವಿದೆ. ಯಾರು ಏನು ಕೊಟ್ಟರೂ ಮೊದಲು ಬೇಡ ಅನ್ನುತ್ತೇನೆ. ಚಹಾ ಇರಲಿ, ಕೂಡಲು ಕುರ್ಚಿ ಇರಲಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿರಲಿ, ನನ್ನ ಬಾಯಿಂದ ಬರುವ ಮೊದಲ ಮಾತು 'ಬ್ಯಾಡ್ರಿ'. ಹೊಟ್ಟೆ ಒಳಗೆ ತಾಳ ಹಾಕುತ್ತಿದ್ದರೂ ಬಾಯಿ ಮಾತ್ರ 'ಈಗಷ್ಟ ಉಂಡ ಬಂದೀನ್ರಿ' ಅನ್ನುತ್ತದೆ. ಇದನ್ನು ಸುಳ್ಳು ಅನ್ನಬೇಡಿ. ನಮ್ಮ ಕಡೆ ಇದಕ್ಕೆ ಮರ್ಯಾದೆ ಅನ್ನುತ್ತಾರೆ. ನಮ್ಮ ಕಡೆ ಅಂದರೆ ಗಜೇಂದ್ರಗಡ. ರೋಣ, ನರಗುಂದ, ನರೇಗಲ್ಲುಗಳನ್ನು ಸೇರಿಸಿಕೊಂಡರೂ ಅಡ್ಡಿಯಿಲ್ಲ, ಈ ವಿಷಯದಲ್ಲಿ ತಾಲ್ಲೂಕಿನ ಗಡಿ ಯಾರೂ ಕೇಳುವುದಿಲ್ಲ.

ಈ ಬೇಡ ಅನ್ನುವುದಕ್ಕೊಂದು ಶಾಸ್ತ್ರವಿದೆ. ಅದನ್ನು ಬರೆದಿಟ್ಟವರಿಲ್ಲ, ಪಾಲಿಸದವರೂ ಇಲ್ಲ. ಮೊದಲ ಸಲ ಬೇಡ ಅನ್ನುವುದು ಪದ್ಧತಿಗೆ. ಎರಡನೆಯ ಸಲ ಅನ್ನುವುದು ಕೊಡುವವರ ಮನಸ್ಸು ಎಷ್ಟು ಗಟ್ಟಿ ಇದೆ ನೋಡಲಿಕ್ಕೆ. ಆಮೇಲೆ ಅವರು ಮುಖ ಸಣ್ಣದು ಮಾಡಿ, 'ನಮ್ಮ ಮನಿ ರೊಟ್ಟಿ ನಿಮಗ ಸೇರೂದಿಲ್ಲ ಬಿಡ್ರಿ' ಅನ್ನಬೇಕು. ಆಗ ನಾವು 'ಅಯ್ಯ, ಹಂಗ್ಯಾಕಂತೀರಿ, ಹಾಕ್ರಿ ಒಂದ' ಎಂದು ತಾಟು ಮುಂದೆ ಸರಿಸಬೇಕು. ಪುರ್ತಗೇರಿಯ ನಮ್ಮ ಸೋದರತ್ತೆ ಈ ಶಾಸ್ತ್ರದಲ್ಲಿ ದೊಡ್ಡ ಪಂಡಿತೆ. ನೀವು ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದರೂ, ಬೆರಳ ಸಂದಿನಲ್ಲಿ ಬದನೆಕಾಯಿ ಪಲ್ಯ ಇಳಿಸುವ ಕೈಚಳಕ ಅವಳದು. ಅವಳ ಮನೆಯಿಂದ ಹಸಿದು ಎದ್ದವರನ್ನು ನಾನು ಕಂಡಿಲ್ಲ, ಬಾಯಿಬಿಟ್ಟು 'ಹಾಕ್ರಿ' ಎಂದು ಕೇಳಿ ಉಂಡವರನ್ನೂ ಕಂಡಿಲ್ಲ.

ಒತ್ತಾಯ ಇಲ್ಲದಿದ್ದರೆ ಎಂಥ ಅನಾಹುತ ಆಗುತ್ತದೆ ಅನ್ನುವುದಕ್ಕೆ ನಮ್ಮ ಮನೆತನದಲ್ಲೇ ಉದಾಹರಣೆ ಇದೆ. ಕಾಕಾನ ಮಗನಿಗೆ ಹೆಣ್ಣು ನೋಡಲು ನರಗುಂದಕ್ಕೆ ಹೋಗಿದ್ದೆವು. ಹುಡುಗಿ ಲಕ್ಷಣವಾಗಿದ್ದಳು, ಕಲಿತಿದ್ದಳು, ಮನೆಯೂ ಚಂದ. ಆದರೆ ಹುಡುಗಿಯ ತಂದೆ ಬಹಳ ವರ್ಷ ಊರು ಬಿಟ್ಟಿದ್ದವರು. ಕಾಕಾ ಒಂದು ಸಲ 'ಸಾಕ್ರಿ' ಅಂದಿದ್ದೇ ತಡ, ಆ ಮನುಷ್ಯ ಉಪ್ಪಿಟ್ಟಿನ ಪಾತೇಲಿ ಎತ್ತಿಕೊಂಡು ಒಳಗೆ ನಡೆದುಬಿಟ್ಟರು. ವಾಪಸು ಬರುವಾಗ ಬಸ್ಸು ರೋಣ ದಾಟಿದ ಮೇಲೆ ಕಾಕಾ ಹೇಳಿದ, "ಮನಿತನ ಚಲೋ ಐತಿ. ಆದ್ರ ಒತ್ತಾಯ ಇಲ್ಲ." ಸಂಬಂಧ ಅಲ್ಲಿಗೇ ಮುರಿಯಿತು. ಆಗ ನನಗೂ ಅದು ಸರಿ ಅನ್ನಿಸಿತ್ತು. ಈಗ ಯೋಚಿಸಿದರೆ, ಉಪ್ಪಿಟ್ಟಿಗಾಗಿ ಮುನಿಸಿಕೊಳ್ಳುವ ಮನೆಗೆ ಸೊಸೆಯಾಗುವುದು ತಪ್ಪಿದ್ದರಿಂದ ಆ ಹುಡುಗಿಗೆ ಒಳ್ಳೆಯದೇ ಆಯಿತು.

ನನ್ನ ಮೊದಲ ನೌಕರಿಯೂ ನನಗೆ ಶಾಸ್ತ್ರೋಕ್ತವಾಗಿಯೇ ಸಿಕ್ಕಿತು. ನರೇಗಲ್ಲಿನ ಒಂದು ಹೈಸ್ಕೂಲಿನ ಆಫೀಸಿಗೆ ಕ್ಲರ್ಕ್ ಬೇಕಾಗಿತ್ತು. ಹೆಡ್‌ಮಾಸ್ತರರು ತಾವೇ ನಮ್ಮ ಮನೆಗೆ ಬಂದು ಅಪ್ಪನನ್ನು ಕೇಳಿದರು. ಅಪ್ಪ, "ನಮ್ಮ ಹುಡುಗಿಗೆ ಏನ ತಿಳೀತೈತ್ರಿ ಸರ, ಇನ್ನೂ ಸಣ್ಣಾಕಿ" ಎಂದು ಕಳಿಸಿದ. ಎರಡನೆಯ ಸಲವೂ ಅದೇ ಮಾತು. ಮೂರನೆಯ ಸಲ ಬಂದಾಗ ಒಪ್ಪಿದ. ಇಷ್ಟರೊಳಗೆ ನಾನು ಆಫೀಸಿಗೆ ಉಡುವ ಐದು ಸೀರೆ ಇಸ್ತ್ರಿ ಮಾಡಿ ಇಟ್ಟಾಗಿತ್ತು. ಅಲ್ಲಿ ಹದಿನೇಳು ವರ್ಷ ದುಡಿದೆ. ಅರ್ಜಿ ಹಾಕದೆ, ನನ್ನ ಬಗ್ಗೆ ನಾನೇ ಒಂದೂ ಒಳ್ಳೆ ಮಾತು ಆಡದೆ ಸಿಕ್ಕ ನೌಕರಿ ಅದು. ಹಾಗಾಗಿ ನೌಕರಿ ಅನ್ನುವುದು ಮನೆಗೆ ನಡೆದು ಬರುತ್ತದೆ, ನಾವು ಎರಡು ಸಲ ಬೇಡ ಅಂದರೆ ಸಾಕು ಎಂದು ನಾನು ತಿಳಿದಿದ್ದೆ.

ಆಮೇಲೆ ನಮ್ಮ ಮನೆಯವರಿಗೆ ಕೆನಡಾದಿಂದ ಕರೆ ಬಂತು. ಅವರು ಟ್ರ್ಯಾಕ್ಟರ್ ರಿಪೇರಿಯಲ್ಲಿ ಪಳಗಿದ ಕೈ. ಅಲ್ಲಿಯ ಬಯಲುಸೀಮೆಯ ಸಣ್ಣ ಊರೊಂದರಲ್ಲಿ ಹೊಲದ ಯಂತ್ರಗಳನ್ನು ದುರಸ್ತಿ ಮಾಡುವ ಕೆಲಸ. ವರ್ಷ ಬಿಟ್ಟು ನಾನೂ ಹೋದೆ. ಇಳಿದು ನೋಡಿದರೆ ಕಣ್ಣು ಹಾಯಿಸಿದಷ್ಟು ದೂರ ಮಟ್ಟಸ ಹೊಲ. ಮಳೆ ನಂಬಿದ ಬೇಸಾಯ, ಕಡಲೆ ಬೆಳೆಯುತ್ತಾರೆ, ಚನ್ನಂಗಿ ಬೆಳೆಯುತ್ತಾರೆ. ಹಿಮ ಒಂದು ಬಿಟ್ಟರೆ ನಮ್ಮ ಎರೆ ಹೊಲದ ಬೀಗರ ಊರು ಅನ್ನಬಹುದು. ನನಗೆ ಸಿಕ್ಕ ಕೆಲಸ ಮಾತ್ರ ಒಂದು ಹೋಟೆಲಿನಲ್ಲಿ ಒಗೆದ ಚಾದರ ಮಡಿಸುವುದು. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ನಾನು ಮಡಿಸಿದ ಚಾದರದ ಅಂಚಿಗೆ ಅಂಚು ಕೂಡುತ್ತಿತ್ತು. ಆದರೆ ಎಂಟು ತಿಂಗಳು ಕಳೆದರೂ ನನ್ನ ಕೈ ಪೆನ್ನು ಹುಡುಕುವುದು ಬಿಡಲಿಲ್ಲ. ನನಗೆ ಟೇಬಲ್ಲು ಬೇಕಿತ್ತು. ಬಂದ ಟಪಾಲಿಗೆ ನಂಬರು ಹಾಕಬೇಕಿತ್ತು. ಯಾರಾದರೂ ಬಂದು 'ಆ ಕಾಗದ ಎಲ್ಲಿದೆ' ಎಂದು ಕೇಳಬೇಕಿತ್ತು, ನಾನು ಎದ್ದು ಹೋಗಿ ತೆಗೆದುಕೊಡಬೇಕಿತ್ತು. ಹದಿನೇಳು ವರ್ಷ ಕಲಿತ ವಿದ್ಯೆ ಬಟ್ಟೆ ಗಂಟಿನಲ್ಲೇ ಉಳಿದುಬಿಟ್ಟರೆ ನಾನು ಯಾರು ಎಂದು ದಿನಾ ಚಿಂತೆ ಹತ್ತುತ್ತಿತ್ತು.

ಸರಿ, ಅರ್ಜಿ ಹಾಕತೊಡಗಿದೆ. ನನ್ನ ಬಯೋಡಾಟಾ ನೋಡಿ ಅಲ್ಲಿಯ ಉದ್ಯೋಗ ಕೇಂದ್ರದ ಹೆಂಗಸು ಪೆನ್ನು ಕೈಗೆತ್ತಿಕೊಂಡಳು. ತಂದೆಯ ಹೆಸರು, ಗಂಡನ ಹೆಸರು, ಸ್ವಂತ ಊರು, ರಕ್ತದ ಗುಂಪು, ಹವ್ಯಾಸ ರಂಗೋಲಿ, ಕೊನೆಗೆ 'ಮೇಲಿನದೆಲ್ಲ ಸತ್ಯ' ಎಂದು ಸಹಿ. ಒಂದೊಂದೇ ಹೊಡೆದುಹಾಕುತ್ತ ಹೋದಳು. ಕೊನೆಗೆ ಉಳಿದದ್ದು ನನ್ನ ಹೆಸರು ಮತ್ತು ಶಾಲೆಯ ಹೆಸರು. "ಇಲ್ಲಿ ನೀವು ಏನೇನು ಸಾಧಿಸಿದಿರಿ ಬರೆಯಿರಿ" ಅಂದಳು. ನಾನು 'ಕೊಟ್ಟ ಕೆಲಸ ಮಾಡಿದ್ದೇನೆ' ಎಂದು ಬರೆದೆ. ಅದಕ್ಕಿಂತ ಹೆಚ್ಚು ಬರೆದರೆ ತನ್ನ ಬೆನ್ನು ತಾನೇ ತಟ್ಟಿಕೊಂಡಂತೆ ಆಗುತ್ತಿತ್ತು, ಅದು ನಮ್ಮ ಮನೆಯಲ್ಲಿ ಕಲಿಸಿದ್ದಲ್ಲ.

ಇಪ್ಪತ್ತು ಅರ್ಜಿಗೆ ಉತ್ತರವೇ ಬರಲಿಲ್ಲ. ಇಪ್ಪತ್ತೊಂದನೆಯದಕ್ಕೆ ಬಂತು. ರೈತರಿಂದ ಕಡಲೆ, ಚನ್ನಂಗಿ ಕೊಳ್ಳುವ ಒಂದು ಕಂಪನಿಯ ಆಫೀಸು. ಲಾರಿ ಬಂದಾಗ ಚೀಟಿ ಬರೆಯುವುದು, ಕಾಗದಪತ್ರ ಇಡುವುದು, ರೈತರ ಫೋನಿಗೆ ಉತ್ತರ ಕೊಡುವುದು. ಸಂದರ್ಶನ ಮಾಡಿದವರು ಅಲ್ಲಿಯ ಮ್ಯಾನೇಜರು ಲಿಂಡಾ. ಅರವತ್ತರ ಹತ್ತಿರದ ಹೆಂಗಸು. ಹೆಸರು ಹಿಡಿದೇ ಕರೆಯಿರಿ ಅಂದರು. ಅವ್ವನ ವಾರಿಗೆಯವರನ್ನು ಹೆಸರು ಹಿಡಿದು ಕರೆದರೆ ನನ್ನ ನಾಲಿಗೆ ಸೇದಿಹೋದೀತು, ಅದಕ್ಕೆ ಲಿಂಡಾ ಮೇಡಂ ಅಂದೆ. "ಈ ಕೆಲಸಕ್ಕೆ ನೀವೇ ಯಾಕೆ?" ಎಂದು ಕೇಳಿದರು. "ಕಲಿಸಿದರೆ ಕಲಿಯುತ್ತೇನೆ" ಎಂದೆ. ಅವರು ಏನೋ ಬರೆದುಕೊಂಡರು. ಟೈಪಿಂಗ್ ಪರೀಕ್ಷೆ ಕೊಟ್ಟರು, ಒಂದು ಕಟ್ಟು ರಸೀದಿ ಕೊಟ್ಟು ಹೊಂದಿಸಲು ಹೇಳಿದರು. ಅದನ್ನು ಎಷ್ಟು ಬೇಗ ಮುಗಿಸಿದೆನೆಂದರೆ ಅವರ ಕಾಫಿ ಇನ್ನೂ ಅರ್ಧ ಉಳಿದಿತ್ತು.

ಗುರುವಾರ ಮಧ್ಯಾಹ್ನ ಫೋನು ಬಂತು. ನನಗೆ ರಜೆ ಇತ್ತು, ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಫೋನು ಹಿಡಿದೆ. "ಈ ಕೆಲಸ ನಿಮಗೆ ಕೊಡಬೇಕು ಅಂತ ತೀರ್ಮಾನ ಮಾಡಿದ್ದೇವೆ" ಅಂದರು ಲಿಂಡಾ ಮೇಡಂ.

ಎಂಟು ತಿಂಗಳಿಂದ ಕಾದ ಮಾತು. ಆದರೆ ಬಾಯಿ ನನ್ನನ್ನು ಕೇಳಿ ಮಾತಾಡುತ್ತದೆಯೇ? "ಛೇ ಛೇ, ನನಗ್ಯಾಕೆ ಮೇಡಂ" ಎಂದುಬಿಟ್ಟೆ. "ನನಗಿಂತ ಚೆನ್ನಾಗಿ ಮಾಡುವವರು ಬೇಕಾದಷ್ಟು ಜನ ಇರುತ್ತಾರೆ. ಮೊದಲು ಅವರನ್ನು ನೋಡಿ."

"ಖಂಡಿತವಾ?" ಎಂದು ಕೇಳಿದರು.

ಎರಡನೆಯ ಸಲ ಕೇಳಿದರಲ್ಲ, ಮನಸ್ಸು ಇರುವವರೇ ಎಂದು ನನಗೆ ಖುಷಿಯಾಯಿತು. "ಹೌದು ಮೇಡಂ, ನೋಡಿ" ಎಂದೆ. ಮೂರನೆಯ ಸಲಕ್ಕೆ ಒಪ್ಪುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಸರಿ ಹಾಗಾದರೆ. ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್" ಅಂದರು. ಫೋನು ಇಟ್ಟುಬಿಟ್ಟರು.

ನಾನು ಫೋನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ. ಮತ್ತೆ ಮಾಡುತ್ತಾರೆ ಎಂದು ಒಲೆಯ ಪಕ್ಕದಲ್ಲೇ ಇಟ್ಟುಕೊಂಡು ಕಾದೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಸಂಜೆ ನಮ್ಮ ಮನೆಯವರು ಬಂದರು. ನಡೆದದ್ದು ಹೇಳಿದೆ. ಅವರು ಕಾಲಲ್ಲಿನ ಬೂಟು ಬಿಚ್ಚುವುದನ್ನೂ ಮರೆತು ಕೂತರು.

"ಅಕಿ ಏನ ನಿಮ್ಮ ಪುರ್ತಗೇರಿ ಅತ್ತೀ ಏನು, ಮೂರ ಸಲ ಬಡಸಾಕ?"

"ಎರಡ ಸಲ ಕೇಳಿದ್ರಲ್ರಿ. ಇನ್ನೊಂದ ಸಲ ಕೇಳಿದ್ರ ಅವರ ಗಂಟೇನ ಹೋಗ್ತಿತ್ತು?"

"ಇಲ್ಲೆ ಬ್ಯಾಡ ಅಂದ್ರ ಬ್ಯಾಡನ. ನಾಳೆ ಇನ್ನೊಬ್ರನ್ನ ಕರೀತಾರ. ಹೋಗಿ ಕೇಳು."

ಹೋಗಿ ಕೇಳು. ಎಷ್ಟು ಸುಲಭದ ಮಾತು ನೋಡಿ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎಂದು ಗಾದೆ ಇದೆ, ಆದರೆ ಅದನ್ನು ನಾವು ಹೇಳುವುದು ಬೇರೆಯವರಿಗೆ. ಪರರ ಮನೆಯಲ್ಲಿ 'ಬೇಕು' ಅಂದರೆ ಅವ್ವ ಸೆರಗಿನ ಮರೆಯಲ್ಲಿ ತೊಡೆ ಚಿವುಟುತ್ತಿದ್ದಳು. ಬೇಡ ಅಂದವರು ಮರುದಿನ ತಾವಾಗಿ ಹೋಗಿ ಕೊಡಿ ಅನ್ನುವುದು ನಮ್ಮ ಓಣಿಯ ಚರಿತ್ರೆಯಲ್ಲೇ ನಡೆದಿಲ್ಲ. ಹೋಗದಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಚಾದರಗಳೂ ಉಳಿಯುತ್ತಿದ್ದವು. ಮಾನ ಮತ್ತು ಚಾದರ ಎರಡನ್ನೂ ಜೀವನಪರ್ಯಂತ ಮಡಿಸುತ್ತ ಕೂಡುವ ಧೈರ್ಯ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಗಜೇಂದ್ರಗಡದ ಕೆಂಪು ಅಂಚಿನ ಸೀರೆ ಉಟ್ಟು, ಮೇಲೆ ಚಳಿಯ ಕೋಟು ಹಾಕಿಕೊಂಡಿದ್ದೆ. ಲಿಂಡಾ ಮೇಡಂ ಆಗಷ್ಟೇ ಬಾಗಿಲ ಕೀಲಿ ತೆಗೆಯುತ್ತಿದ್ದರು. ನನ್ನನ್ನು ನೋಡಿ ಅಲ್ಲೇ ನಿಂತರು.

"ಮೇಡಂ, ನಿನ್ನೆ ನಾನು ಬೇಡ ಅಂದೆ. ಅದು ನನ್ನ ಮಾತಲ್ಲ, ನಮ್ಮ ಊರಿನ ಪದ್ಧತಿ. ನಮ್ಮಲ್ಲಿ ಎರಡು ಸಲ ಬೇಡ ಅಂದರೆ ಅದನ್ನು ಬೇಡ ಅಂತ ಹಿಡಿಯುವುದಿಲ್ಲ" ಎಂದೆ.

ಅವರು ನಗಲಿಲ್ಲ. ಒಳಗೆ ಕರೆದು ಕೂರಿಸಿದರು. "ಇನ್ನೊಬ್ಬಳಿಗೆ ಹತ್ತು ಗಂಟೆಗೆ ಫೋನ್ ಮಾಡುವವಳಿದ್ದೆ" ಎಂದರು. "ನನಗೆ ಈ ಸಲ ಅರ್ಥವಾಗುವ ಹಾಗೆ ಹೇಳಿ. ನೀವೇ ಯಾಕೆ?"

ಮತ್ತೆ ಅದೇ, ನನ್ನ ಬೆನ್ನು ನಾನೇ ತಟ್ಟಿಕೊಳ್ಳುವ ಮಾತು. ಹಾಗಿದ್ದರೂ ಹೇಳಿದೆ. "ಹದಿನೇಳು ವರ್ಷ ಒಂದು ಹೈಸ್ಕೂಲಿನ ಆಫೀಸು ನನ್ನ ಕೈಯಲ್ಲಿತ್ತು. ಮೂವರು ಹೆಡ್‌ಮಾಸ್ತರರು ಬದಲಾದರು, ಕಪಾಟಿನ ಬೀಗದ ಕೈ ಬದಲಾಗಲಿಲ್ಲ. ಶಾಲೆ ಬಿಟ್ಟು ಎಷ್ಟೋ ವರ್ಷವಾದ ಹುಡುಗ ದಾಖಲೆ ಕೇಳಿ ಬಂದರೆ, ಅವನು ಚಹಾ ಕುಡಿಯುವುದರೊಳಗೆ ಕೊಟ್ಟು ಕಳಿಸಿದ್ದೇನೆ. ಮಳೆಗೆ ಮಾಳಿಗೆ ಸೋರಿದಾಗ ರಿಜಿಸ್ಟರುಗಳನ್ನು ನನ್ನ ಸೀರೆಯಲ್ಲಿ ಸುತ್ತಿ ಉಳಿಸಿದ್ದೇನೆ. ನನ್ನ ಕೈಯಲ್ಲಿ ಒಂದು ಕಾಗದ ಕಳೆದಿಲ್ಲ. ಕಡಲೆಯ ಹೊಲ ಅಂದರೆ ಏನು, ಮಳೆ ಕೈಕೊಟ್ಟ ವರ್ಷ ರೈತರು ಯಾಕೆ ಸಿಟ್ಟಿನಲ್ಲಿ ಮಾತಾಡುತ್ತಾರೆ, ಅದು ನನಗೆ ಯಾರೂ ಕಲಿಸಬೇಕಾಗಿಲ್ಲ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ."

ಹೇಳಿ ಮುಗಿಸಿದ ಮೇಲೆ ನನಗೇ ಆಶ್ಚರ್ಯವಾಯಿತು. ಇದರಲ್ಲಿ ಒಂದೂ ಜಂಬದ ಮಾತಿರಲಿಲ್ಲ. ಎಲ್ಲಾ ನಡೆದದ್ದೇ. ಇಷ್ಟು ವರ್ಷ ಇದನ್ನು ಬೇರೆ ಯಾರಾದರೂ ಹೇಳಲಿ ಎಂದು ಕಾಯುತ್ತ ಕೂತಿದ್ದೆ, ಅಷ್ಟೆ.

"ಇದನ್ನೆಲ್ಲ ಸಂದರ್ಶನದಲ್ಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು ಲಿಂಡಾ ಮೇಡಂ.

"ನೀವು ಒಂದೇ ಸಲ ಕೇಳಿದಿರಿ" ಎಂದೆ.

ಆಗ ನಕ್ಕರು. ಟ್ರೇಯಲ್ಲಿದ್ದ ನೇಮಕದ ಕಾಗದ ಎತ್ತಿ ನನ್ನ ಮುಂದಿಟ್ಟು, "ನಿಮಗೆ ಈ ಕೆಲಸ ಬೇಕಾ?" ಅಂದರು.

"ಬೇಕು" ಎಂದೆ. ಈ ವಯಸ್ಸಿಗೆ ಬರುವವರೆಗೆ ಪರರ ಮುಂದೆ ಕೂತು ನಾನು ಆಡಿದ ಮೊದಲ 'ಬೇಕು' ಅದು. ತೊಡೆ ಚಿವುಟುವವರು ಯಾರೂ ಇರಲಿಲ್ಲ. ಸಹಿ ಮಾಡುವಾಗ ಅಕ್ಷರ ಮೊದಲಿನಷ್ಟೇ ದುಂಡಗೆ ಬಂದವು.

ಸಂಜೆ ಅವ್ವನಿಗೆ ಫೋನು ಮಾಡಿದೆ. ಇಲ್ಲಿ ಸಂಜೆಯಾದರೆ ಗಜೇಂದ್ರಗಡದಲ್ಲಿ ಬೆಳಗು. ಅವ್ವ ಅಣ್ಣನ ಮನೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು, ಜೊತೆಗೆ ಪಕ್ಕದ ಮನೆಯ ಶಾಂತಕ್ಕ.

"ಯವ್ವಾ, ಆಫೀಸಿನ್ಯಾಗ ನೌಕರಿ ಆತು" ಎಂದೆ.

"ಚಲೋ ಆತು ನನ ಮಗಳ. ಎಷ್ಟ ಸಲ ಕರದ್ರು?"

"ಕರದ್ರು. ನಾ ಬ್ಯಾಡ ಅಂದೆ. ಅವರು ಸುಮ್ನ ಆದ್ರು. ಆಮ್ಯಾಲ ನಾನ ಹೋಗಿ ಕೇಳಿ ತೊಗೊಂಡೆ."

ಅವ್ವ ಫೋನು ದೂರ ಹಿಡಿದು ಶಾಂತಕ್ಕನಿಗೆ ಹೇಳುವುದು ಕೇಳಿಸಿತು. "ನಮ್ಮ ಹುಡುಗಿಗೆ ಆಫೀಸಿನ್ಯಾಗ ನೌಕರಿ ಆತಂತವಾ. ಮೂರ ಸಲ ಕರದ್ರಂತ, ಆಮ್ಯಾಲ ಹೂಂ ಅಂದಾಳ."

ಹಿಂದಿನ ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. "ಯವ್ವಾ, ಹಂಗ ಹೇಳಬ್ಯಾಡ" ಎಂದೆ. "ಇದ್ದದ್ದ ಇದ್ದಂಗ ಹೇಳು."

"ಮಂದಿ ಏನ ಅಂತಾರ?"

"ಅಂದ್ರ ಅನ್ಲಿ. ನಾ ಏನ ಭಿಕ್ಷಾ ಬೇಡಿಲ್ಲ. ನನಗ ಬರೋ ಕೆಲಸಾ, ನನಗ ಕೊಡ್ರಿ ಅಂದೀನಿ."

ಅವ್ವ ಜೋಳದ ಮೊರ ಕೆಳಗಿಟ್ಟ ಸಪ್ಪಳ ಕೇಳಿಸಿತು. ಆಮೇಲೆ, ಶಾಂತಕ್ಕನಿಗಷ್ಟೇ ಅಲ್ಲ, ಇಡೀ ಓಣಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಇಲ್ಲವಾ ಶಾಂತಕ್ಕ, ಮೂರ ಸಲ ಕರದಿಲ್ಲಂತ. ನನ ಮಗಳ ತಾನ ಹೋಗಿ, ಈ ಕೆಲಸಾ ನನಗ ಬರತೈತಿ ಕೊಡ್ರಿ ಅಂದ್ಲಂತ."

"ಹಂಗ ಕೇಳಿದ್ರ ಕೊಡತಾರೇನ?" ಶಾಂತಕ್ಕನ ದನಿ ದೂರದಿಂದ ಬಂತು.

"ಕೊಡತಾರಂತ" ಅಂದಳು ಅವ್ವ. "ಕೇಳಬೇಕಂತ."