ಕೈಯಿಲ್ಲದ ಸೊಸೆ

ಚಿಂತೆ ಮಾಡುವುದರಲ್ಲಿ ನನಗೆ ಸಾಟಿ ಯಾರೂ ಇಲ್ಲ. ಆಳಂದದ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಎರಡು ಸಲ ಹಿಂತಿರುಗುತ್ತೇನೆ, ಒಮ್ಮೆ ಗ್ಯಾಸ್ ನೋಡಲು, ಒಮ್ಮೆ ಬೀಗ ಜಗ್ಗಲು. ಹೆರಿಗೆ ಮಾಡಿಸುವುದನ್ನು ಕಲಿಯುವ ಹುಡುಗಿಯರಿಗೆ ಪಾಠ ಹೇಳುವುದು ನನ್ನ ಕೆಲಸ. ಈ ಕೆಲಸಕ್ಕೆ ಚಿಂತೆಯೇ ಬಂಡವಾಳ ಎಂದು ಹೆಮ್ಮೆಪಟ್ಟುಕೊಂಡದ್ದೂ ಉಂಟು. ಆದರೆ ನಿಜವಾಗಿ ಚಿಂತೆ ಮಾಡಬೇಕಿದ್ದ ದಿನ ನನ್ನ ತಲೆಯಲ್ಲಿ ಇದ್ದದ್ದು ಗ್ಯಾಸು.

ನಮ್ಮ ತರಗತಿಯಲ್ಲಿ ಒಂದು ರಬ್ಬರಿನ ಬಸುರಿ ಇದ್ದಾಳೆ. ಎದೆಯ ಕೆಳಗಿನಿಂದ ತೊಡೆಯವರೆಗೆ, ಅಷ್ಟೇ. ಗುಂಡಿ ಒತ್ತಿದರೆ ಹೊಟ್ಟೆಯೊಳಗಿನ ಸ್ಪೀಕರಿನಿಂದ ಕೂಸಿನ ಎದೆಬಡಿತ ಕೇಳುತ್ತದೆ. ಹುಡುಗಿಯರು ಹಳೆಯ ಇಳಕಲ್ ಸೀರೆ ಸುತ್ತಿ ಅದನ್ನು ಸೊಸೆ ಎಂದು ಕರೆಯುತ್ತಿದ್ದರು.

"ಕೈನೂ ಇಲ್ಲ, ಬಾಯಿನೂ ಇಲ್ಲ. ಅತ್ತಿ ಆದಾಕಿಗಿ ಇಂಥಾ ಸೊಸಿನೇ ಬೇಕ ನೋಡ್ರಿ ಮೇಡಂ," ಎಂದಿದ್ದಳು ಜೇವರ್ಗಿ ಕಡೆಯ ಒಬ್ಬ ವಿದ್ಯಾರ್ಥಿನಿ. ನಾನೂ ನಕ್ಕಿದ್ದೆ.

ನಾವು ಕಲಿಯುವಾಗ ತುತ್ತೂರಿಯಂಥ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು, ಕಿವಿ ಕೆಂಪಾಗುವವರೆಗೆ ಒತ್ತಿ ಕೇಳಬೇಕಿತ್ತು. ಈ ಹುಡುಗಿಯರ ಕೈಯಲ್ಲಿ ಡಾಪ್ಲರ್ ಇದೆ. ಹೊಟ್ಟೆಗೆ ಹಚ್ಚಿದರೆ ಬಡಿತವನ್ನು ಕೋಣೆಗೆಲ್ಲ ಕೇಳಿಸಿ, ನಿಮಿಷಕ್ಕೆ ಎಷ್ಟೆಂದು ಅಂಕಿಯನ್ನೂ ತೋರಿಸುವ ಅಂಗೈಯಗಲದ ಯಂತ್ರ. ಹಳ್ಳಿಗಳಿಗೆ ಹೋದಾಗ ಅದರ ಸದ್ದನ್ನು ಫೋನಿನಲ್ಲಿ ಹಿಡಿದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ನಾನು ಕೇಳಿ, ಸರಿಯಿದ್ದರೆ ಹೆಬ್ಬೆರಳಿನ ಚಿತ್ರ ಒತ್ತುತ್ತಿದ್ದೆ. ಪಾಠ ಬಲು ಸುಲಭವಾಗಿತ್ತು.

ಆ ದಿನ ಬೆಳಿಗ್ಗೆ ಅಫಜಲಪುರದ ಬಸ್ಸಿನಲ್ಲಿದ್ದೆ. ಅದೇ ಜೇವರ್ಗಿಯ ಹುಡುಗಿ ಆ ತಾಲೂಕಿನ ಒಂದು ಹಳ್ಳಿಯಿಂದ ಸದ್ದು ಕಳಿಸಿದಳು. ಚೊಚ್ಚಲ ಬಸುರಿ, ಎಂಟನೆಯ ತಿಂಗಳು, ಮೈಯಲ್ಲಿ ಜ್ವರ, ಕೂಸು ಆಡುವುದು ಕಡಿಮೆಯಾಗಿದೆ ಎಂದು ಬಂದಿದ್ದಾಳೆ. ಅಂಕಿ ನೂರಾ ಇಪ್ಪತ್ತೆಂಟು. ನೂರಾ ಹತ್ತು ದಾಟಿದರೆ ಕೂಸು ಕ್ಷೇಮ ಎಂದು ಕಲಿಸಿದವಳು ನಾನೇ. ಸದ್ದಿನ ಹಿಂದೆ ಆಕೆಯ ಅತ್ತೆಯ ದನಿ ಕೇಳುತ್ತಿತ್ತು: "ಕುದ್ರಿ ಓಡಿದಂಗ ಓಡಾಕತ್ತದಲ್ಲ ಬೇ, ಸುಮ್ಮ ಅಂಜಿದಿ." ಬಸ್ಸು ಕುಲುಕುತ್ತಿತ್ತು. ಹಾಲಿನ ಪಾತ್ರೆ ಇಳಿಸಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೆನೆಯುತ್ತ ಹೆಬ್ಬೆರಳು ಒತ್ತಿದೆ. ಜ್ವರದ ಗುಳಿಗೆ ಕೊಟ್ಟು ಆಕೆಯನ್ನು ಮನೆಗೆ ಕಳಿಸಿದರು.

ಎರಡು ದಿನದ ಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಹೋಗಿ ನಾಲ್ಕೈದು ದಿನವಾದರೂ ಆಗಿದೆ ಎಂದರು ಡಾಕ್ಟರು.

ಹಾಗಾದರೆ ಆ ಕುದುರೆ ಯಾರದು? ನನಗೆ ಆಗ ಹೊಳೆಯಿತು. ಡಾಪ್ಲರ್ ಹಿಡಿದದ್ದು ತಾಯಿಯ ನಾಡಿ. ಜ್ವರದಲ್ಲಿ ಆ ನಾಡಿಯೇ ಕೂಸಿನ ಬಡಿತದ ವೇಗಕ್ಕೆ ಏರಿತ್ತು. ಹೊಟ್ಟೆಗೆ ಯಂತ್ರ ಹಚ್ಚುವಾಗ ತಾಯಿಯ ಮುಂಗೈಯ ನಾಡಿ ಹಿಡಿದು, ಎರಡೂ ಬಡಿತ ಬೇರೆಬೇರೆ ಎಂದು ಖಾತ್ರಿ ಮಾಡಿಕೊಳ್ಳಬೇಕು. ಹುಡುಗಿ ಹಿಡಿದಿರಲಿಲ್ಲ. ಹೇಗೆ ಹಿಡಿದಾಳು? ಅವಳು ಕಲಿತದ್ದು ಕೈಯಿಲ್ಲದ ಸೊಸೆಯ ಮೇಲೆ.

ಆಕೆಯ ಮನೆಯವರಿಗೆ ಇದನ್ನು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಂದೇ ತಿಳಿದಿದ್ದರೂ ಕೂಸು ಉಳಿಯುತ್ತಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಳೆಯ ಕುಪ್ಪಸದ ತೋಳಿಗೆ ಅರಳೆ ತುಂಬಿ, ಬಳೆ ತೊಡಿಸಿ, ಸೊಸೆಗೆ ಒಂದು ಕೈ ಹೊಲಿದೆ. ಅದನ್ನು ಹಿಡಿಯದೆ ಯಾರೂ ಹೊಟ್ಟೆ ಮುಟ್ಟಬಾರದೆಂದು ಕಟ್ಟಳೆ ಮಾಡಿದೆ. ನೋಡಿದವರು ನಕ್ಕರು, ನಗುವಂತೆಯೇ ಇತ್ತು. ಆದರೆ ಆ ಸದ್ದು ನನ್ನನ್ನು ಬಿಡಲಿಲ್ಲ. ಮಿಕ್ಸರಿನಲ್ಲಿ, ಬಸ್ಸಿನ ಕಿಟಕಿಯ ಗಾಜಿನಲ್ಲಿ, ದಿಂಬಿಗೊತ್ತಿದ ನನ್ನ ಕಿವಿಯಲ್ಲೇ ಬಡಿಯುತ್ತಿತ್ತು. ಎಣಿಸುತ್ತಿದ್ದೆ. ಪ್ರತಿ ಸಲವೂ ನೂರಾ ಇಪ್ಪತ್ತೆಂಟು.

ಒಂದು ವರ್ಷ ದಾಟಿರಬೇಕು. ಅದೇ ಹಳ್ಳಿಯಲ್ಲಿ ಬಸುರಿಯರ ತಪಾಸಣೆಯ ದಿನ ಆಕೆ ಮತ್ತೆ ಬಸುರಿಯಾಗಿ ಬಂದಳು. ಏಳನೆಯ ತಿಂಗಳು. ಜೇವರ್ಗಿಯ ಹುಡುಗಿಗೆ ಅದು ಕೊನೆಯ ವರ್ಷ. ಆಕೆಯನ್ನು ಕಂಡು ಅವಳ ಮುಖ ಬಾಡಿತು. ಆದರೂ ಡಾಪ್ಲರ್ ಎತ್ತುವ ಮೊದಲು ಮುಂಗೈ ಹಿಡಿದಳು. ತಾಯಿಯದು ಎಂಬತ್ತಾರು. ಹೊಟ್ಟೆಗೆ ಹಚ್ಚಿದಳು. ನೂರಾ ನಲವತ್ನಾಲ್ಕು.

ಆಕೆ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಸೆರಗಿನ ಮರೆಯಿಂದ ಫೋನ್ ತೆಗೆದಳು.

"ಅಕ್ಕಾರ, ಇದನ್ನೊಂಚೂರು ಕೇಳ್ರಿ."

ಅದೇ ಕುದುರೆ. ಅಂದು ಅವಳೂ ತನ್ನ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದಳು.

"ನನ್ನ ಮೊದಲನೇ ಕೂಸಿಂದು. ಅದರದು ಇಷ್ಟೇ ಉಳದದ. ದಿನಾ ಕೇಳ್ತೇನಿ." ಹೊಟ್ಟೆ ಮುಟ್ಟಿ ಕೇಳಿದಳು, "ಇದು ಜೋರ್ ಓಡಾಕತ್ತದ, ಅದು ಮೆತ್ತಗ ಓಡ್ತಿತ್ತು. ಹಾಲು ಕುಡಿ ಅಂದ್ರ ನಾ ಕುಡೀಲಿಲ್ಲರಿ. ಅದಕ್ಕ ಹಂಗಾತೇನು?"

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಇಲ್ಲ, ಎಲ್ಲ ಕೂಸುಗಳದ್ದೂ ಒಂದೇ ಥರ ಇರುವುದಿಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆಕೆ ಒಂದು ವರ್ಷದಿಂದ ಒಂದು ಲೋಟ ಹಾಲನ್ನು ಹೊತ್ತು ತಿರುಗುತ್ತಿದ್ದಳು.

"ಅದು ಕೂಸಿಂದಲ್ಲವ್ವಾ," ಎಂದೆ. "ನಿಂದು. ನಿನಗ ಅವತ್ತು ಜ್ವರ ಇತ್ತು, ನಾಡಿ ಜೋರ್ ಇತ್ತು. ಕೂಸು ಅದಕ್ಕೂ ಮೊದಲೇ ಹೋಗಿತ್ತು. ಹಾಲಿಂದೇನೂ ಇಲ್ಲ. ಫರಕ್ ನನಗ ತಿಳೀಬೇಕಾಗಿತ್ತು, ತಿಳೀಲಿಲ್ಲ. ಆಮ್ಯಾಲ ತಿಳದ್ರೂ ನಿನಗ ಹೇಳಲಿಲ್ಲ."

ಅವಳು ಫೋನಿನಲ್ಲಿ ಆ ಸದ್ದನ್ನು ಇನ್ನೊಮ್ಮೆ ಹಚ್ಚಿ ಕೇಳಿದಳು.

"ಹಂಗಾದ್ರ ಇಷ್ಟು ದಿನಾ ನನ್ನ ಎದಿನೇ ನಾ ಕೇಳಕೋತ ಕುಂತಿದ್ನೇನ್ರಿ?"

"ಹೌದವ್ವಾ."

ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅದು ಅವಳಿಗೂ ಗೊತ್ತಿದ್ದಂತೆ ಕಂಡಿತು. ಫೋನನ್ನು ಮಗುಚಿ ಪಕ್ಕಕ್ಕಿಟ್ಟಳು. ಮತ್ತೆ ಮಲಗಿ, ಬಲಗೈಯ ಎರಡು ಬೆರಳನ್ನು ಎಡ ಮುಂಗೈಯ ಮೇಲೆ ಇಟ್ಟುಕೊಂಡು, ಸರಿಯಾದ ಜಾಗವೇ ಎಂದು ಹುಡುಗಿಯನ್ನು ಕಣ್ಣಲ್ಲೇ ಕೇಳಿದಳು. ಹುಡುಗಿ ಆಕೆಯ ಬೆರಳನ್ನು ಒಂದಿಷ್ಟು ಸರಿಸಿದಳು.

"ಈಗ ಹಚ್ಚು," ಎಂದಳು ಆಕೆ.

ಸದ್ದು ಕೋಣೆ ತುಂಬಿತು. ಅವಳ ಬೆರಳ ಕೆಳಗೆ ಒಂದು ನಿಧಾನ, ಹೊಟ್ಟೆಯಲ್ಲಿ ಇನ್ನೊಂದು ಅವಸರ. ಒಂದು ನಿಮಿಷ ಕೇಳಿದಳು. ಇನ್ನೊಂದು ನಿಮಿಷವೂ ಕೇಳಿದಳು. ನಾನು ಎಣಿಸುವುದನ್ನು ಮರೆತೆ.

"ಇದು ನಂದಲ್ಲ," ಎಂದಳು, ಬೆರಳು ತೆಗೆಯದೆ.